ಆ ಸಣ್ಣ ಗುಂಡಿ ಬಿಚ್ಚಿ

ಈಗಷ್ಟೇ ಒಂದು ಸಭೆ ಮುಗಿಸಿಕೊಂಡು ಬಂದು ಕೂತಿದ್ದೀನಿ. ಸಿಟ್ಟು ಇನ್ನೂ ಇಳಿದಿಲ್ಲ. ವೇದಿಕೆ ಮೇಲೆ ನಿಂತ ಹುಡುಗ ಬಹಳ ಚೆನ್ನಾಗಿ ಮಾತಾಡಿದ. ವಿಷಯ ಅರಗಿಸಿಕೊಂಡವನು, ತಡವರಿಕೆ ಇಲ್ಲ. ಆದರೆ ಮಾತಿನುದ್ದಕ್ಕೂ ಅವನ ಎಡಗೈ ಶರ್ಟಿನ ಬಲತೋಳನ್ನು ಮೇಲಕ್ಕೆ ತಳ್ಳುತ್ತಿತ್ತು, ಬಲಗೈ ಎಡತೋಳನ್ನು. ತಳ್ಳಿದ ತೋಳು ಎರಡು ವಾಕ್ಯ ಮುಗಿಯುವಷ್ಟರಲ್ಲಿ ಜಾರಿ ಮಣಿಕಟ್ಟಿಗೆ ಬರೋದು. ಮತ್ತೆ ತಳ್ಳೋದು. ಒಂದು ತೋಳು ಮೊಣಕೈ ಹತ್ತಿರ, ಇನ್ನೊಂದು ಅರ್ಧಕ್ಕೆ. ಒಳ್ಳೆ ಬಿಳಿ ಪಾಪ್ಲಿನ್ ಶರ್ಟು, ಬೆನ್ನ ಮೇಲೆ ಇಸ್ತ್ರಿ ಇನ್ನೂ ಮಾಸಿರಲಿಲ್ಲ, ಮುಂಗೈ ಮೇಲೆ ಮಾತ್ರ ಬಟ್ಟೆ ಮುದ್ದೆಯಾಗಿ ಕೂತಿತ್ತು.

ಎಲ್ಲ ಮುಗಿದ ಮೇಲೆ ತಡೆಯಲಾರದೆ ಹೋಗಿ, "ಕೈ ಕೊಡಪ್ಪ ಇಲ್ಲಿ" ಅಂದೆ. ಕೊಟ್ಟ. ನಾನು ಅಂದುಕೊಂಡ ಹಾಗೇ ಇತ್ತು. ಕಫ್, ಅಂದರೆ ಮಣಿಕಟ್ಟಿನ ಸುತ್ತ ಬರೋ ಗಟ್ಟಿ ಪಟ್ಟಿ, ಅದರ ಗುಂಡಿ ಬಿಚ್ಚಿದ್ದ. ಅದರ ಮೇಲೆ ತೋಳಿನ ಪಟ್ಟಿಯಲ್ಲಿರೋ ಸಣ್ಣ ಗುಂಡಿ ಹಾಗೇ ಹಾಕಿಕೊಂಡಿತ್ತು. ದಾರದ ಎಳೆ ಬಿಟ್ಟು ಗುಂಡಿ ಒಂದು ಕಡೆಗೆ ವಾಲಿತ್ತು. "ಇದನ್ಯಾಕೆ ಬಿಚ್ಚಲ್ಲ?" ಅಂದರೆ, "ಅದು ಬಿಚ್ಚೋಕೆ ಇರೋದಾ ಅಕ್ಕಾ? ಸುಮ್ನೆ ಅಲಂಕಾರಕ್ಕೆ ಅಂದ್ಕೊಂಡಿದ್ದೆ" ಅಂದ.

ಅಲಂಕಾರಕ್ಕಂತೆ!

ನಾನು ಶರ್ಟು ಹೊಲಿದೇ ಬದುಕಿದವಳು ಅಂತ ಇಲ್ಲಿರೋ ನಿಮಗೆಲ್ಲ ಗೊತ್ತು. ಕೆಲಸ ಕಲಿಯೋಕೆ ಹೋದಾಗ ಮೊದಲು ನನ್ನ ಕೈಗೆ ಕೊಟ್ಟಿದ್ದೇ ಕಾಜಾ, ಅಂದರೆ ಗುಂಡಿ ತೂರಿಸೋ ತೂತು, ಮತ್ತೆ ಗುಂಡಿಯ ಕೆಲಸ. ಆ ಸಣ್ಣ ಗುಂಡಿಗೆ ಕಾಜಾ ತೆಗೆಯೋದು ಎಷ್ಟು ನಾಜೂಕು ಅಂತ ತೆಗೆದವರಿಗೇ ಗೊತ್ತು. ಪಟ್ಟಿ ಕಿರಿದು, ಬಟ್ಟೆ ಮೂರ್ನಾಲ್ಕು ಪದರ, ಒಂದು ನೂಲು ಆಚೀಚೆ ಆದರೂ ಇಡೀ ಪಟ್ಟಿ ಸೊಟ್ಟಗೆ ಕಾಣುತ್ತೆ. ಅಷ್ಟೆಲ್ಲ ಮಾಡಿ ಕೊಟ್ಟ ಗುಂಡಿಯನ್ನು ಶರ್ಟು ಹರಿಯೋವರೆಗೂ ಒಂದು ಸಲವೂ ಮುಟ್ಟದ ಜನ ಎಷ್ಟಿದ್ದಾರೋ. ಕೆಲವು ಅಗ್ಗದ ರೆಡಿಮೇಡ್ ಶರ್ಟುಗಳಲ್ಲಿ ಅದನ್ನು ಹಾಕೋದನ್ನೇ ಬಿಟ್ಟಿದ್ದಾರೆ. ಯಾರೂ ಕೇಳಲ್ಲ, ಅದಕ್ಕೇ ಹಾಕಲ್ಲ.

ಅದು ಯಾಕಿದೆ ಅಂತ ಕೇಳಿ. ತೋಳಿನ ತುದಿಯಿಂದ ಮೇಲಕ್ಕೆ ಸುಮಾರು ಐದಾರು ಇಂಚು ಒಂದು ಸೀಳು ಇರುತ್ತೆ. ಅದರ ಅಂಚಿಗೆ ಪಟ್ಟಿ ಕೂರಿಸಿ, ನಡುವೆ ಬಾಯಿ ಬಿಟ್ಟುಕೊಂಡು ಚರ್ಮ ಕಾಣದಿರಲಿ ಅಂತ ಈ ಗುಂಡಿ ಇಡ್ತೀವಿ. ಇಸ್ತ್ರಿ ಮಾಡುವಾಗ ಬಿಚ್ಚಿದರೆ ಕಫ್ ಚಪ್ಪಟೆಯಾಗಿ ಹರಡುತ್ತೆ. ತೋಳು ಮಡಚುವಾಗ ಬಿಚ್ಚಿದರೆ ಬಟ್ಟೆಗೆ ಜಾಗ ಸಿಗುತ್ತೆ. ಮುಂಗೈ ಮಣಿಕಟ್ಟಿನ ಹತ್ತಿರ ಸಣ್ಣ, ಮೊಣಕೈ ಕಡೆಗೆ ಹೋದ ಹಾಗೆ ದಪ್ಪ. ಶರ್ಟಿನ ತೋಳು ಕಫ್‌ಗೆ ಬರುವಷ್ಟರಲ್ಲಿ ನೆರಿಗೆ ಹಿಡಿದು ಕಿರಿದಾಗಿರುತ್ತೆ. ಆ ಕಿರಿದಾದ ತುದಿಯನ್ನು ಕೈಯ ದಪ್ಪ ಭಾಗಕ್ಕೆ ಏರಿಸಬೇಕು ಅಂದರೆ ಜಾಗ ಎಲ್ಲಿಂದ ಬರಬೇಕು? ಆ ಸೀಳಿನಿಂದಲೇ. ಗುಂಡಿ ಹಾಕಿದ್ದರೆ ಸೀಳು ತೆರೆಯೋದಿಲ್ಲ. ಎಳೆತವೆಲ್ಲ ಗುಂಡಿಯ ದಾರದ ಮೇಲೆ, ಆಮೇಲೆ ಪಟ್ಟಿಯ ಮೇಲ್ತುದಿ ಮೇಲೆ ಬೀಳುತ್ತೆ. ಅಲ್ಲಿ ಎಳೆತ ತಡೆಯಲಿ ಅಂತಲೇ ನಾವು ಚೌಕಾಕಾರವಾಗಿ ಬಿಗಿ ಹೊಲಿಗೆ ಹಾಕೋದು, ಆದರೂ ದಿನಾ ತಳ್ಳಿದರೆ ಅದೆಷ್ಟು ತಡೆದೀತು? ಕೊನೆಗೆ ಅಲ್ಲೇ ಪಿಸಿದುಕೊಂಡು, "ಬಟ್ಟೆ ಚೆನ್ನಾಗಿರಲಿಲ್ಲ" ಅಂತ ರಿಪೇರಿಗೆ ತರ್ತಾರೆ. ಬಟ್ಟೆ ಚೆನ್ನಾಗಿತ್ತು. ಗುಂಡಿ ಬಿಚ್ಚಬೇಕಿತ್ತು.

ಮಡಚೋದು ಬ್ರಹ್ಮವಿದ್ಯೆ ಏನಲ್ಲ. ಎರಡೂ ಗುಂಡಿ ಬಿಚ್ಚಿ. ಕಫ್ ತೋಳಿಗೆ ಸೇರುವ ಹೊಲಿಗೆ ಗೆರೆ ಇದೆಯಲ್ಲ, ಸರಿಯಾಗಿ ಆ ಗೆರೆಯಲ್ಲೇ ಕಫ್ ಅನ್ನು ಹೊರಮಗ್ಗುಲಿಗೆ ತಿರುಗಿಸಿ. ಕಫ್ ಅಗಲ ಸಾಮಾನ್ಯವಾಗಿ 2.5 ಇಂಚಿನ ಆಸುಪಾಸು ಇರುತ್ತೆ, ಒಳಗೆ ಬಕ್ರಂ ಅನ್ನೋ ಬಿರುಸು ಬಟ್ಟೆ ಇರೋದರಿಂದ ಬಾಗಲ್ಲ, ಮುದುರಲ್ಲ. ಮುಂದಿನ ಮಡಿಕೆಗಳಿಗೆಲ್ಲ ಅದೇ ಅಳತೆ. ಎರಡನೇ ಸುತ್ತಿಗೆ ಕಫ್ ಒಳಗೆ ಅಡಗಿ ಕೂರುತ್ತೆ, ಅದರ ಬಿಗಿಯೇ ಮಡಿಕೆಯನ್ನು ಹಿಡಿದು ನಿಲ್ಲಿಸುತ್ತೆ. ಪ್ರತಿ ಸುತ್ತಿಗೂ ಅಂಗೈಯಿಂದ ಒಮ್ಮೆ ನೀವಿ, ನೆರಿಗೆ ಒಳಗೆ ಸಿಕ್ಕಿಕೊಳ್ಳದ ಹಾಗೆ ನೋಡಿಕೊಳ್ಳಿ. ಎರಡು ಸುತ್ತು ಹಾಕಿದರೆ ಮುಂಗೈ ನಡುವೆ ನಿಲ್ಲುತ್ತೆ, ಮೂರು ಹಾಕಿದರೆ ಮೊಣಕೈಗಿಂತ ಸ್ವಲ್ಪ ಕೆಳಗೆ. ಅಲ್ಲಿಗೆ ಸಾಕು. ಮೊಣಕೈ ಮೇಲೇ ಮಡಿಕೆ ಕೂರಿಸಿದರೆ ಕೈ ಬಗ್ಗಿಸಿದಾಗಲೆಲ್ಲ ಅದು ಬಿಚ್ಚಿಕೊಳ್ಳುತ್ತೆ. ಒಂದೋ ಕೆಳಗೆ ನಿಲ್ಲಿ, ಇಲ್ಲ ಪೂರ್ತಿ ದಾಟಿ ಮೇಲೆ ಹೋಗಿ. ಎರಡೂ ಕೈ ಸಮ ಇದೆಯಾ ಅಂತ ಕನ್ನಡಿಯಲ್ಲಿ ಒಮ್ಮೆ ನೋಡಿಕೊಳ್ಳಿ. ಅರ್ಧ ನಿಮಿಷದ ಕೆಲಸ. ಆ ಹುಡುಗ ಇಡೀ ಭಾಷಣ ತಳ್ಳುತ್ತಾ ಕಳೆದ.

ಮೇಲೆ ಹೋಗೋದಾದರೆ ಇನ್ನೊಂದು ದಾರಿ ಇದೆ, ನನಗೆ ಇದೇ ಹೆಚ್ಚು ಇಷ್ಟ. ಇಟಾಲಿಯನ್ ರೋಲ್ ಅಂತಾರೆ. ಎರಡೂ ಗುಂಡಿ ಬಿಚ್ಚಿ ಕಫ್ ಹಿಡಿದು, ಸುತ್ತು ಹಾಕದೆ, ತೋಳಿನ ಒಳಮೈ ಹೊರಗೆ ಬರುವ ಹಾಗೆ ಒಂದೇ ಎಳೆತಕ್ಕೆ ಮೊಣಕೈ ದಾಟಿಸಿ. ಈಗ ಕೆಳಗಡೆ ಮಡಿಕೆಯ ಅಂಚು ಇರುತ್ತೆ. ಅದನ್ನು ಹಿಡಿದು ಮೇಲಕ್ಕೆ ಮಡಚಿ, ಕಫ್‌ನ ಬುಡ ಮುಚ್ಚಿ ಮೇಲಂಚು ಒಂದಿಷ್ಟು ಕಾಣುವಲ್ಲಿಗೆ ನಿಲ್ಲಿಸಿ. ಸುತ್ತು ಕಡಿಮೆ, ದಪ್ಪ ಕಡಿಮೆ, ಕಫ್ ಹಿಡಿದು ಕೆಳಗೆಳೆದರೆ ಒಂದೇ ಸಲಕ್ಕೆ ಬಿಚ್ಚಿಕೊಳ್ಳುತ್ತೆ, ಸುಕ್ಕೂ ಕಡಿಮೆ. ಕಫ್ ಒಳಗೆ ಬೇರೆ ಬಣ್ಣದ ಬಟ್ಟೆ ಇಟ್ಟಿರೋ ಶರ್ಟಿನಲ್ಲಿ ಆ ಅಂಚು ಕಾಣೋ ಚೆಂದವೇ ಬೇರೆ. ಇದಕ್ಕೂ ಆ ಸಣ್ಣ ಗುಂಡಿ ಬಿಚ್ಚಲೇಬೇಕು, ಇಲ್ಲದಿದ್ದರೆ ಕಫ್ ಮುಂಗೈ ದಾಟೋದೇ ಇಲ್ಲ. ಹತ್ತಿ, ಲಿನನ್ ಬಟ್ಟೆಗೆ ಮಡಿಕೆ ಹೇಳಿದ ಮಾತು ಕೇಳುತ್ತೆ. ಪಾಲಿಯೆಸ್ಟರ್ ಜಾರುತ್ತೆ, ಅದಕ್ಕೆ ಸುತ್ತು ಸ್ವಲ್ಪ ಬಿಗಿಯಾಗಿರಲಿ, ಕೈಗೆ ಗುರುತು ಬೀಳುವಷ್ಟು ಬೇಡ.

ಈಗ ನೀವು ಹೇಳೋದು ನನಗೆ ಗೊತ್ತು. "ಹಾಫ್ ತೋಳಿನ ಶರ್ಟು ಹಾಕ್ಕೊಂಡ್ರೆ ಈ ರಗಳೆಯೇ ಇಲ್ಲವಲ್ಲ." ಹಾಕ್ಕೊಳ್ಳಿ, ನಾನೇ ಹೊಲಿದು ಕೊಡ್ತೀನಿ. ಆದರೆ ಹಾಫ್ ತೋಳು ಬೆಳಗಿಂದ ರಾತ್ರಿವರೆಗೂ ಹಾಫ್ ತೋಳೇ. ಫುಲ್ ತೋಳು ಬಿಸಿಲಿಗೆ ಇಳಿಯುತ್ತೆ, ಕೆಲಸಕ್ಕೆ ಏರುತ್ತೆ, ಎದುರಿಗೆ ದೊಡ್ಡವರು ಬಂದರೆ ಮತ್ತೆ ಇಳಿದು ಗುಂಡಿ ಹಾಕಿಕೊಳ್ಳುತ್ತೆ. "ಕೆಲಸ ಮಾಡೋರಿಗೆ ಇಷ್ಟೆಲ್ಲ ನೋಡೋಕೆ ಪುರುಸೊತ್ತೆಲ್ಲಿದೆ" ಅಂತ ಇನ್ನೊಂದು ವಾದ. ಈ ವಾದ ಕೇಳಿದರೆ ನನಗೆ ಮೈ ಉರಿಯುತ್ತೆ. ನಿಜವಾಗಿ ಕೈ ಕೆಲಸ ಮಾಡೋರೇ ಇದನ್ನು ಎಲ್ಲರಿಗಿಂತ ಹೆಚ್ಚು ನೋಡೋದು. ಲೋಹ ಕಡೆಯೋ ಲೇತ್ ಯಂತ್ರದ ಮುಂದೆ ನಿಂತವರನ್ನು ಕೇಳಿ. ಲೋಹ ಹಿಡಿದುಕೊಂಡು ತಿರುಗೋ ಚಕ್‌ಗೆ ಜಾರಿದ ಕಫ್ ಸಿಕ್ಕರೆ ಬಟ್ಟೆಯ ಜೊತೆ ಕೈಯೂ ಹೋಗುತ್ತೆ. ಅದಕ್ಕೇ ಅಲ್ಲಿ ತೋಳು ಮೊಣಕೈ ದಾಟಿ ಮೇಲೆ ಬಿಗಿಯಾಗಿ ಕೂತಿರಬೇಕು, ತಳ್ಳಿಕೊಂಡ ತೋಳಿಗೆ ಜಾಗವಿಲ್ಲ. ವೆಲ್ಡಿಂಗ್ ಮಾಡೋರು ಇದಕ್ಕೆ ತದ್ವಿರುದ್ಧ, ತೋಳು ಮಡಚಲೇಬಾರದು. ಹಾರಿದ ಕಿಡಿ ಮಡಿಕೆಯೊಳಗೆ ಕೂತು ಬಟ್ಟೆ ಹತ್ತಿಕೊಳ್ಳುತ್ತೆ, ಬರಿ ಚರ್ಮವನ್ನು ಆ ಬೆಳಕೇ ಸುಡುತ್ತೆ. ಆಸಿಡ್ ಮುಟ್ಟುವ ಪ್ರಯೋಗಾಲಯದಲ್ಲೂ ತೋಳು ಕೆಳಗೇ ಇರಬೇಕು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳನ್ನು ಮುಟ್ಟುವ ವೈದ್ಯರಿಗೆ ಮೊಣಕೈ ಕೆಳಗೆ ಬರಿಗೈ ಇರಬೇಕು ಅಂತ 2007ರಲ್ಲೇ ಹೇಳಿದರು. ಕೈಯನ್ನು ಮಣಿಕಟ್ಟಿನವರೆಗೂ ಚೆನ್ನಾಗಿ ತೊಳೆಯೋಕೆ ಕಫ್ ಅಡ್ಡ ಬರುತ್ತೆ ಅಂತ.

ಸೈನ್ಯದವರಂತೂ ಇದನ್ನು ಬರೆದೇ ಇಟ್ಟಿದ್ದಾರೆ. ಅಮೆರಿಕದ ಮರೀನ್ ಪಡೆಯ ನಿಯಮದಲ್ಲಿ ಒಳಮೈ ಹೊರಗೆ ಮಾಡಿ ಸುಮಾರು 3 ಇಂಚು ಅಗಲದ ಮಡಿಕೆ, ಮೊಣಕೈಯಿಂದ ಸುಮಾರು 2 ಇಂಚು ಮೇಲೆ ನಿಲ್ಲಬೇಕು ಅಂತ ಇತ್ತು. 2011ರಲ್ಲಿ ಮಡಚೋದು ಬೇಡ ಅಂತ ನಿಲ್ಲಿಸಿದರು. ಸೈನಿಕರಿಗೆ ಅದು ಒಂಚೂರೂ ಹಿಡಿಸಲಿಲ್ಲ, 2014ರಲ್ಲಿ ಮತ್ತೆ ತಂದರು. ಓದಿದ ದಿನ ನನಗೆ ಎಷ್ಟು ಸಂತೋಷ ಆಯ್ತು ಅಂದರೆ ಅಂಗಡಿಗೆ ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು.

ಮಡಚಬಾರದ ಹೊತ್ತೂ ಇದೆ. ಕೋಟಿನೊಳಗೆ ಮಡಚಿದರೆ ಹೊರಗೆ ಗಂಟು ಕಾಣುತ್ತೆ. ಸಾವಿನ ಮನೆಗೆ, ಪ್ರಮಾಣವಚನದಂಥ ಜಾಗಕ್ಕೆ ತೋಳು ಇಳಿಸಿ ಗುಂಡಿ ಹಾಕಿಕೊಂಡು ಹೋಗಿ. ಅಲ್ಲಿ ಮಡಚಿದ ತೋಳು ಏನೋ ಕೆಲಸದ ನಡುವೆ ಎದ್ದು ಬಂದ ಹಾಗಿರುತ್ತೆ. ಮಾತಾಡೋಕೆ ನಿಂತವರು ನಿಲ್ಲೋ ಮೊದಲೇ ಮಡಚಿಕೊಂಡು ಬನ್ನಿ, ಜನರ ಮುಂದೆ ಶುರು ಮಾಡಬೇಡಿ. ಜಗಳಕ್ಕೆ ತೋಳೇರಿಸೋರ ಬಗ್ಗೆ ನಾನು ಮಾತೇ ಆಡಲ್ಲ.

ಒಂದು ಮಾತು ಹೇಳಿಬಿಡ್ತೀನಿ. ನನಗೆ ಜನರ ಮುಖಕ್ಕಿಂತ ತೋಳು ಮೊದಲು ಕಾಣುತ್ತೆ. ಚೊಕ್ಕಟವಾಗಿ, ಸಮನಾಗಿ ಮಡಚಿದ ತೋಳು ಕಂಡರೆ ಗುರುತು ಪರಿಚಯ ಇಲ್ಲದವರ ಮೇಲೂ ಪ್ರೀತಿ ಉಕ್ಕುತ್ತೆ. ನಾನು ಹೊಲಿದ ಶರ್ಟು ಹಾಗೆ ಕಂಡ ದಿನ ರಾತ್ರಿ ನೆಮ್ಮದಿಯಾಗಿ ನಿದ್ದೆ ಬರುತ್ತೆ. ಅದೇ ಶರ್ಟನ್ನು ತಳ್ಳಿ ಹಿಂಡಿದ್ದು ಕಂಡರೆ ನನ್ನನ್ನೇ ಯಾರೋ ಕಡೆಗಣಿಸಿದ ಹಾಗೆ ನೋವಾಗುತ್ತೆ. ಇದು ಅತಿ ಅನ್ನಿಸಿದರೆ ಅನ್ನಿಸಲಿ.

ಶರ್ಟು ಕಳಚೋ ಮೊದಲು ಮಡಿಕೆ ಬಿಚ್ಚಿ, ಮಡಚಿದ್ದನ್ನು ಹಾಗೇ ಒಗೆಯೋಕೆ ಹಾಕಬೇಡಿ. ಬೆವರಿನ ಗೆರೆ ಮಡಿಕೆಯೊಳಗೇ ಉಳಿದು ಹಳದಿಯಾಗುತ್ತೆ. ಇನ್ನು ಹೊಲಿಸೋಕೆ ಬರುವವರು ಅಳತೆ ಕೊಡುವಾಗಲೇ "ನಾನು ತೋಳು ಮಡಚುವವನು" ಅಂತ ಹೇಳಿ. ಮುಂಗೈ ಸುತ್ತಳತೆಯನ್ನೂ ತಗೊಂಡು, ಸೀಳನ್ನು ಅರ್ಧ ಇಂಚು ಉದ್ದ ಬಿಟ್ಟು, ಕಫ್‌ಗೆ ಮೆತ್ತನೆ ಬಕ್ರಂ ಹಾಕಿ ಕೊಡ್ತೀನಿ. ಆ ಸಣ್ಣ ಗುಂಡಿಗೆ ಕಾಜಾ ನಾನೇ ಕೈಯಲ್ಲಿ ತೆಗೀತೀನಿ. ಬಿಚ್ಚೋದು ಮಾತ್ರ ನೀವು.