ಖಾಲಿ ಐದಡಿಗೂ ಒಂದು ಬಾಗಿನ

ಮಂಡ್ಯ ಕಡೆ ಮಳೆಗಾಲದಲ್ಲಿ ಯಾರೂ 'ಚೆನ್ನಾಗಿದ್ದೀರಾ' ಅಂತ ಕೇಳುವುದಿಲ್ಲ. 'ಕಟ್ಟೇಲಿ ಎಷ್ಟಡಿ ಐತೆ' ಅಂತ ಕೇಳುತ್ತಾರೆ. ಕಟ್ಟೆ ಅಂದರೆ ಕನ್ನಂಬಾಡಿ ಕಟ್ಟೆ. ಕೆಆರ್‌ಎಸ್ ಅನ್ನುವುದು ಬೃಂದಾವನದಲ್ಲಿ ಕಾರಂಜಿ ನೋಡಲು ಬರುವವರು. ನಮ್ಮ ಚಿಕ್ಕಪ್ಪನಿಗೆ ತನ್ನ ಬಿಪಿ ಎಷ್ಟು ಅಂತ ಗೊತ್ತಿಲ್ಲ. ಕಟ್ಟೆಯ ನೀರು ಮಾತ್ರ ಪಾಯಿಂಟ್ ಸಮೇತ ಬಾಯಿಪಾಠ. 124.80 ಅಡಿ ಆದರೆ ಭರ್ತಿ. ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ ಲೆಕ್ಕದಲ್ಲಿ 49.45.

ಈ 124.80 ಮುಟ್ಟಿದ ಗಳಿಗೆಯಲ್ಲಿ ಸರ್ಕಾರಕ್ಕೆ ಭಕ್ತಿ ಬರುತ್ತದೆ. ಶಾಮಿಯಾನ ಏಳುತ್ತದೆ. ಮೊರದ ತುಂಬ ಅರಿಶಿನ, ಕುಂಕುಮ, ಬಳೆ, ಬಾಚಣಿಗೆ, ತೆಂಗಿನಕಾಯಿ. ಮುಖ್ಯಮಂತ್ರಿಗಳು ಬಂದು ಕಾವೇರಮ್ಮನಿಗೆ ಬಾಗಿನ ಬಿಡುತ್ತಾರೆ. ಅವರ ಹಿಂದೆ ಫೋಟೋದಲ್ಲಿ ಅರ್ಧ ಮುಖ ಬಂದರೂ ಸಾಕು ಅಂತ ಇಪ್ಪತ್ತು ಜನ ತೂರಿಕೊಳ್ಳುತ್ತಾರೆ. 2025ರಲ್ಲಂತೂ ಕಟ್ಟೆ ಅಪರೂಪಕ್ಕೆ ಜೂನ್‌ನಲ್ಲೇ ತುಂಬಿತು. ಜೂನ್ 30ಕ್ಕೇ ಬಾಗಿನ ಆಯಿತು. ಆಷಾಢದಲ್ಲಿ ಒಂದು ಸೈಟಿಗೆ ಗುದ್ದಲಿಪೂಜೆ ಮಾಡಲೂ ಹೆದರುವ ಜನ ನಾವು. ಆವತ್ತು ಆಷಾಢ ಯಾರಿಗೂ ನೆನಪಾಗಲಿಲ್ಲ.

ಇನ್ನೂ ಒಂದು ವಿಷಯ ನೆನಪಾಗಲಿಲ್ಲ. ಜುಲೈ, ಆಗಸ್ಟ್, ಸೆಪ್ಟೆಂಬರ್ ಪೂರ್ತಿ ಬಾಕಿ ಇತ್ತು.

ತುಂಬಿದ ಕೊಡ ತುಳುಕುವುದಿಲ್ಲ ಅನ್ನುವ ಗಾದೆ ಮಾಡಿದವರು ಭಾಗಮಂಡಲದ ಮಳೆ ನೋಡಿರಲಿಕ್ಕಿಲ್ಲ. ಕಟ್ಟೆ ಬಾಯಿಮಟ್ಟ ತುಂಬಿದ ಮೇಲೆ ಅದು ಕಟ್ಟೆ ಅಲ್ಲ, ಸುಮ್ನೆ ಒಂದು ದೊಡ್ಡ ಪೈಪು. ಕೊಡಗಿನಿಂದ ಎಷ್ಟು ಬಂತೋ ಅಷ್ಟನ್ನೂ ಕೆಳಕ್ಕೆ ಬಿಡಲೇಬೇಕು. ಆಗ ರಂಗನತಿಟ್ಟಿನಲ್ಲಿ ದೋಣಿ ಬಂದ್. ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆ ಬಂದ್. ನಿಮಿಷಾಂಬ ದೇವಸ್ಥಾನದ ಸ್ನಾನಘಟ್ಟದ ಮೆಟ್ಟಿಲು ನೀರೊಳಗೆ. ಮೈಕು ಕಟ್ಟಿಕೊಂಡ ಆಟೋ ಊರೂರು ಸುತ್ತುತ್ತದೆ: 'ನದಿ ಪಾತ್ರದ ಜನ ತಮ್ಮ ಜಾನುವಾರು ಸಮೇತ ಸುರಕ್ಷಿತ ಸ್ಥಳಕ್ಕೆ ತೆರಳತಕ್ಕದ್ದು.' ಆ ಸುರಕ್ಷಿತ ಸ್ಥಳ ಯಾವುದು ಅಂತ ಆಟೋದವನಿಗೂ ಗೊತ್ತಿರುವುದಿಲ್ಲ.

ಹಾಗಾದರೆ ಮೊದಲೇ ಸ್ವಲ್ಪ ಬಿಟ್ಟು ಜಾಗ ಇಟ್ಟುಕೊಳ್ಳಬಹುದಿತ್ತಲ್ವಾ? ಎಂಥ ಪ್ರಶ್ನೆ. ಒಬ್ಬ ಇಂಜಿನಿಯರು ಧೈರ್ಯ ಮಾಡಿ ಜುಲೈನಲ್ಲಿ ಐದಡಿ ಖಾಲಿ ಇಟ್ಟ ಅಂತಿಟ್ಟುಕೊಳ್ಳಿ. ಆಗಸ್ಟ್‌ನಲ್ಲಿ ಮಳೆ ಕೈಕೊಟ್ಟರೆ? ನಮ್ಮ ನೀರನ್ನು ತಮಿಳುನಾಡಿಗೆ ಕದ್ದು ಹರಿಸಿದ ದ್ರೋಹಿ ಅವನೇ. ಅದೇ ಇಂಜಿನಿಯರು ಭರ್ತಿ ತುಂಬಿಸಿ, ಮಳೆ ಬಂದಾಗ ಎಲ್ಲ ಗೇಟು ಒಟ್ಟಿಗೆ ಎತ್ತಿ ಹತ್ತು ಊರು ಮುಳುಗಿಸಿದರೆ? ಅದು ಪ್ರಕೃತಿ ವಿಕೋಪ. ಪ್ರಕೃತಿಯನ್ನು ಸಸ್ಪೆಂಡ್ ಮಾಡಲು ಬರುವುದಿಲ್ಲ. ನಾನು ಅವನ ಜಾಗದಲ್ಲಿ ಇದ್ದಿದ್ದರೂ ತುಂಬಿಸುತ್ತಿದ್ದೆ.

ಅಮೆರಿಕದ ಕೊಲಂಬಿಯಾ ನದಿಯವರದು ಬೇರೆ ಕಥೆ. ಚಳಿಗಾಲದಲ್ಲಿ ಬೆಟ್ಟದ ಮೇಲೆ ಎಷ್ಟು ಹಿಮ ಕೂತಿದೆ ಅಂತ ಅಳೆಯುತ್ತಾರೆ. ವಸಂತದಲ್ಲಿ ಅದು ಕರಗಿ ಬರುವ ಮೊದಲೇ ಗ್ರ್ಯಾಂಡ್ ಕೂಲಿ ಅಣೆಕಟ್ಟೆಯ ನೀರನ್ನು ಬೇಕಂತಲೇ ಇಳಿಸಿ ಜಾಗ ಮಾಡುತ್ತಾರೆ. ನ್ಯಾಯವಾಗಿ ಹೇಳಬೇಕು, ಅವರದು ಕಣ್ಣಿಗೆ ಕಾಣುವ ಠೇವಣಿ. ನಮ್ಮದು ಮೋಡದವನ ಹತ್ತಿರ ಮಾಡಿದ ಕೈಸಾಲ. ಆದರೂ ಇಲ್ಲಿ ಯಾರಾದರೂ ತುಂಬಿದ ಕಟ್ಟೆಯನ್ನು ಬೇಕಂತಲೇ ಇಳಿಸಲಿ ನೋಡೋಣ. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಟೈರು ಹತ್ತಿ ಉರಿಯುತ್ತದೆ.

ಉರಿಸಿದ್ದೇವೆ ಕೂಡ. 2023ರ ಸೆಪ್ಟೆಂಬರ್ ನೆನಪಿದೆಯಾ? ಹದಿನೈದು ದಿನ ತಮಿಳುನಾಡಿಗೆ 5,000 ಕ್ಯೂಸೆಕ್, ಅಂದರೆ ಸೆಕೆಂಡಿಗೆ 5,000 ಘನ ಅಡಿ ನೀರು ಬಿಡಿ ಅಂತ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ ಹೇಳಿತು. ಸುಪ್ರೀಂ ಕೋರ್ಟೂ ಅದನ್ನು ತಪ್ಪಿಸಲಿಲ್ಲ. 26ಕ್ಕೆ ಬೆಂಗಳೂರು ಬಂದ್, 29ಕ್ಕೆ ಕರ್ನಾಟಕ ಬಂದ್. ಆ ಹದಿನೈದು ದಿನದ ನೀರು ಒಟ್ಟು ಕೂಡಿದರೆ ಆರೂವರೆ ಟಿಎಂಸಿ. ಮರುವರ್ಷ ಮಳೆ ಜೋರು. ಕಟ್ಟೆಯಿಂದ ಬಿಟ್ಟ ನೀರು ಲಕ್ಷ ಕ್ಯೂಸೆಕ್ ದಾಟಿತು. ಲಕ್ಷದ ಲೆಕ್ಕದಲ್ಲಿ ಅದೇ ಆರೂವರೆ ಟಿಎಂಸಿ ಹೋಗಲು ಹದಿನೆಂಟು ಗಂಟೆ ಸಾಕು. ಯಾವುದಕ್ಕೆ ಎರಡು ಬಂದ್ ಮಾಡಿದ್ದೆವೋ ಅದು ಬೆಳಗ್ಗೆ ಆರಕ್ಕೆ ಹೊರಟು ನಡುರಾತ್ರಿಗೆಲ್ಲ ಗಡಿ ಕಡೆ ಹೋಯಿತು. ಈ ಸಲ ಯಾರೂ ಟೈರು ತರಲಿಲ್ಲ. ಸೆಲ್ಫಿ ಸ್ಟಿಕ್ ತಂದರು.

ತಮಾಷೆ ಅಂದರೆ, ನೀರು ಒಂದು ಮಟ್ಟ ಮುಟ್ಟಿದರೆ ತಾನಾಗೇ ತೆರೆದುಕೊಳ್ಳುವ ಗೇಟನ್ನು ಕಂಡುಹಿಡಿದವರು ನಮ್ಮ ವಿಶ್ವೇಶ್ವರಯ್ಯನವರೇ. 1903ರಲ್ಲಿ ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ ಮೊದಲು ಹಾಕಿದರು. ಆಮೇಲೆ ಕನ್ನಂಬಾಡಿಗೂ ಬಂತು. ಆ ಗೇಟಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ, ಮುಹೂರ್ತವೂ ಬೇಕಿರಲಿಲ್ಲ. ಅದನ್ನು ಸಸ್ಪೆಂಡ್ ಮಾಡಲೂ ಆಗುತ್ತಿರಲಿಲ್ಲ.

ನನಗೊಂದು ಉಪಾಯ ಹೊಳೆದಿದೆ. ನಮ್ಮಲ್ಲಿ ಯಾವ ಕೆಲಸ ಆಗಬೇಕಿದ್ದರೂ ಅದಕ್ಕೊಂದು ಸಮಾರಂಭ ಬೇಕು. ಆದ್ದರಿಂದ ಬಾಗಿನವನ್ನು ಎರಡು ಕಂತು ಮಾಡೋಣ. 119.80 ಅಡಿ ಆದಾಗ ಮೊದಲನೆಯದು, ಮೇಲಿನ ಖಾಲಿ ಜಾಗಕ್ಕೆ. ಶಾಮಿಯಾನ, ಮೊರ, ಮುಖ್ಯಮಂತ್ರಿ, ಹಿಂದೆ ಇಪ್ಪತ್ತು ಜನ, ಎಲ್ಲ ಇರಲಿ. 'ಖಾಲಿ ಐದಡಿ ಲೋಕಾರ್ಪಣೆ' ಅಂತ ಫಲಕದಲ್ಲಿ ಹೆಸರೂ ಕೆತ್ತಿಸಲಿ. ಉದ್ಘಾಟನೆ ಆದ ಜಾಗವನ್ನು ಮುಟ್ಟಲು ಯಾರಿಗೂ ಧೈರ್ಯ ಬರುವುದಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಪೂರ್ತಿ ತುಂಬಿಸಿ ಎರಡನೆಯದು ಮಾಡಲಿ. ಇಂಜಿನಿಯರೂ ಬದುಕಿಕೊಂಡ, ಫೋಟೋನೂ ಎರಡಾಯಿತು.

ಖುಷಿಯಲ್ಲಿ ಚಿಕ್ಕಪ್ಪನಿಗೆ ಫೋನ್ ಮಾಡಿ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ.

'ಐದಡಿ ಖಾಲಿ ಮಡಗೋದಾ?' ಅಂದ. 'ಮಗ, ಬೆಂಗಳೂರಲ್ಲಿ ಏನಾರ ಮಾತಾಡ್ಕೊ. ಊರಿಗೆ ಬಂದಾಗ ಈ ಮಾತ ಟೀ ಅಂಗಡಿ ತಾವ ಆಡ್ಬೇಡ ಕಣಪ್ಪ.'

ಆಮೇಲೆ ದನಿ ತಗ್ಗಿಸಿ ಕೇಳಿದ. 'ಅದಿರ್ಲಿ, ಇವತ್ತು ಎಷ್ಟಡಿ ಐತೆ?'