ಕಲ್ಲು ತಂದರೆ ಊರೇ ಬಂತು

ದುಡ್ಡು ಕೊಟ್ಟು ಕಲ್ಲು ತರುವವನನ್ನು ಕಂಡರೆ ಜನ ನಗುತ್ತಾರೆ. ಅದನ್ನು ತೂಕಕ್ಕೆ ಹಾಕಿಸಿ, ಒದ್ದೆ ಪೇಪರಿನಲ್ಲಿ ಸುತ್ತಿ, ಹಸುಗೂಸಿನ ಹಾಗೆ ಎತ್ತಿಕೊಂಡು ಬಂದರಂತೂ ಕೇಳುವುದೇ ಬೇಡ. ಆದರೆ ಉಪ್ಪುನೀರಿನ ಅಕ್ವೇರಿಯಂ ಹುಚ್ಚು ಹತ್ತಿದವರು ಒಂದಲ್ಲ ಒಂದು ದಿನ ಹೀಗೆ ಕಲ್ಲು ಹೊತ್ತವರೇ. ನಾನೂ ಹೊತ್ತೆ.

ಇದಕ್ಕೆ ಲೈವ್ ರಾಕ್ ಅನ್ನುತ್ತಾರೆ. ಹೆಸರಿನಲ್ಲಿ ಎರಡು ಪದ, ಎರಡೂ ಸುಳ್ಳು. ಅದಕ್ಕೆ ಜೀವ ಇಲ್ಲ. ನೋಡಲು ಹೋದರೆ ಅದು ಕಲ್ಲೂ ಅಲ್ಲ, ಸತ್ತ ಹವಳದ ಎಲುಬು. ಸುಣ್ಣದ ಗಟ್ಟಿ. ಮೈತುಂಬ ತೂತು, ತೂತಿನೊಳಗೆ ಇನ್ನೊಂದು ತೂತು. ಜೀವ ಇರುವುದು ಆ ತೂತುಗಳಲ್ಲಿ. ಹೊರಗಿನ ತೂತುಗಳಲ್ಲಿರುವ ಬ್ಯಾಕ್ಟೀರಿಯಾಗಳು ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ಮೊದಲು ನೈಟ್ರೈಟ್ ಮಾಡುತ್ತವೆ, ಆಮೇಲೆ ನೈಟ್ರೇಟ್ ಮಾಡುತ್ತವೆ. ಆಮ್ಲಜನಕ ತಲುಪದ ಒಳಮನೆಯಲ್ಲಿ ಬೇರೆ ಬಗೆಯವು ಕೂತಿರುತ್ತವೆ. ಅವು ಆ ನೈಟ್ರೇಟನ್ನೂ ಒಡೆದು ಸಾರಜನಕ ಮಾಡಿ ಗಾಳಿಗೆ ಬಿಡುತ್ತವೆ. ಸಂಬಳವಿಲ್ಲದ ಜಾಡಮಾಲಿಗಳು. ಇಂಡೊನೇಷ್ಯಾದ ಲೀ ಚಿನ್ ಎಂಗ್ ಎಂಬುವರು 1961ರಲ್ಲೇ ಅಮೆರಿಕದ ಒಂದು ಪತ್ರಿಕೆಯಲ್ಲಿ ಇದರ ಬಗ್ಗೆ ಬರೆದಿದ್ದರು. ಸಮುದ್ರದ ನೀರು, ಸಮುದ್ರದ ಕಲ್ಲು, ಒಂದಿಷ್ಟು ಗಾಳಿಗುಳ್ಳೆ, ಇಷ್ಟಿದ್ದರೆ ಟ್ಯಾಂಕ್ ನಡೆಯುತ್ತದೆ ಅಂತ.

ನಾನು ಕಲ್ಲು ತಂದದ್ದು ಈ ಬ್ಯಾಕ್ಟೀರಿಯಾದ ಆಸೆಗೆ. ಉಳಿದವರು ತಾವಾಗಿ ಬಂದರು.

ಮೊದಲ ವಾರ ಬಂದದ್ದು ವಾಸನೆ ಮಾತ್ರ. ದಾರಿಯಲ್ಲಿ ಒಣಗಿ ಸತ್ತದ್ದೆಲ್ಲ ನೀರಿನಲ್ಲಿ ಕೊಳೆಯಬೇಕು, ಅಮೋನಿಯಾ ಏರಿ ಇಳಿಯಬೇಕು. ನಾಲ್ಕರಿಂದ ಆರು ವಾರ ಮೀನು ಬಿಡುವ ಹಾಗಿಲ್ಲ. ಅಲ್ಲಿಯತನಕ ನಮ್ಮ ಹಾಲಿನಲ್ಲಿ ಇದ್ದದ್ದು ಲೈಟು ಹಾಕಿದ ನೀರು ಮತ್ತು ಕಲ್ಲು. ಮನೆಗೆ ಬಂದವರು ಬಗ್ಗಿ ನೋಡಿ, "ಮೀನೆಲ್ಲಿ?" ಅನ್ನುವರು. "ಇನ್ನೂ ಬಿಟ್ಟಿಲ್ಲ" ಅನ್ನುವೆ. ಅವರು ನನ್ನ ಹೆಂಡತಿಯ ಮುಖ ನೋಡುವರು. ಅವಳು ಒಳಗೆ ಹೋಗುವಳು.

ಹನ್ನೆರಡನೆಯದೋ ಹದಿಮೂರನೆಯದೋ ದಿನ, ಕಲ್ಲಿನ ಒಂದು ಬಿರುಕಿನಿಂದ ಬಿಳಿ ದಾರವೊಂದು ಜೋತುಬಿದ್ದಿತ್ತು. ಪೇಪರಿನ ಎಳೆ ಇರಬೇಕು ಎಂದು ಚಿಮುಟ ತಂದೆ. ಮುಟ್ಟಿದ್ದೇ ತಡ, ದಾರ ಒಳಗೆ ಹೋಯಿತು. ಹತ್ತು ನಿಮಿಷಕ್ಕೆ ಮತ್ತೆ ಬಂತು. ಈ ಸಲ ನಾಲ್ಕು. ನೆಲ ತಡವಿ, ಕಸದ ಚೂರು ಹಿಡಿದು, ನಿಧಾನಕ್ಕೆ ಒಳಗೆ ಎಳೆದುಕೊಂಡವು. ಅದು ಸ್ಪಾಗೆಟಿ ವರ್ಮ್ ಅಂತ ಆಮೇಲೆ ತಿಳಿಯಿತು. ಹುಳ ಬಿಲದಲ್ಲೇ ಕೂತಿರುತ್ತದೆ, ಕೈಗಳನ್ನಷ್ಟೇ ಹೊರಗೆ ಕಳಿಸುತ್ತದೆ. ಬಾಗಿಲ ಸಂದಿಯಿಂದ ಕೈ ಚಾಚಿ ಪೇಪರ್ ಎತ್ತಿಕೊಳ್ಳುವವರು ನಮ್ಮಲ್ಲೂ ಇದ್ದಾರಲ್ವಾ, ಹಾಗೆ.

ಅವತ್ತಿನಿಂದ ನನ್ನ ನಿದ್ದೆ ಕೆಟ್ಟಿತು. ಈ ಜನ ಹಗಲು ಹೊರಗೆ ಬರುವುದು ಕಮ್ಮಿ. ರಾತ್ರಿ ಟಾರ್ಚು ಹಾಕಿದರೆ ಸರ್ರನೆ ಮಾಯ. ಇದಕ್ಕೆ ಹಳಬರು ಒಂದು ಉಪಾಯ ಕಂಡುಕೊಂಡಿದ್ದಾರೆ. ಟಾರ್ಚಿಗೆ ಕೆಂಪು ಬಣ್ಣದ ಪ್ಲಾಸ್ಟಿಕ್ ಹಾಳೆ ಕಟ್ಟುವುದು. ಸಮುದ್ರದ ನೀರು ಕೆಂಪು ಬೆಳಕನ್ನು ಮೇಲುಮೇಲೆಯೇ ನುಂಗಿಬಿಡುವುದರಿಂದ ಅಲ್ಲಿಯ ಬಹಳಷ್ಟು ಜೀವಿಗಳಿಗೆ ಕೆಂಪು ಅಷ್ಟಾಗಿ ಕಾಣುವುದಿಲ್ಲ. ಹಾಗಾಗಿ ರಾತ್ರಿ ಹನ್ನೊಂದಕ್ಕೆ, ಮನೆಯವರೆಲ್ಲ ಮಲಗಿದ ಮೇಲೆ, ನಾನು ಕೆಂಪು ಟಾರ್ಚು ಹಿಡಿದು ನನ್ನದೇ ಟ್ಯಾಂಕಿನ ಮುಂದೆ ಕಳ್ಳನಂತೆ ಕೂರುತ್ತಿದ್ದೆ.

ಏನು ಗಿಜಿಗಿಜಿ! ಸಾಸಿವೆ ಗಾತ್ರದವು ಗಾಜಿನ ಮೇಲೆ ಚುಕ್ಕಿಯಿಟ್ಟ ಹಾಗೆ ಓಡಾಡುತ್ತಿದ್ದವು. ಕಲ್ಲಿನ ಕೆಳಗಿನಿಂದ ಯಾರದೋ ತೆಳ್ಳನೆಯ ತೋಳು ಹೊರಬಂದು ತೂಗಾಡುತ್ತಿತ್ತು. ಬ್ರಿಟಲ್ ಸ್ಟಾರ್ ಎಂಬ, ನಕ್ಷತ್ರಮೀನಿನ ನೆಂಟನದ್ದು. ಚಪ್ಪಟೆ ಚಿಪ್ಪಿನ ಒಂದು ಬಸವನ ಹುಳು ಅದರ ಹೆಸರಿಗೇ ಅವಮಾನವಾಗುವಷ್ಟು ಜೋರಾಗಿ ಓಡುತ್ತಿತ್ತು. ಸ್ಟೊಮಟೆಲ್ಲಾ ಅಂತೆ. ಹಿಡಿದರೆ ಹಲ್ಲಿ ಬಾಲ ಬಿಡುವ ಹಾಗೆ ತನ್ನ ಕಾಲಿನ ತುದಿಯನ್ನೇ ಬಿಟ್ಟು ಪಾರಾಗುತ್ತದೆ. ಇನ್ನೊಂದು ಬಸವನ ಹುಳು ಇದಕ್ಕೆ ತದ್ವಿರುದ್ಧ. ಕಲ್ಲಿಗೇ ಚಿಪ್ಪು ಅಂಟಿಸಿಕೊಂಡು, ಲೋಳೆಯ ಬಲೆ ಬೀಸಿ, ಸಿಕ್ಕಿದ್ದನ್ನು ಬಲೆಸಮೇತ ನುಂಗುತ್ತದೆ. ಒಂದೇ ಕುಲದಲ್ಲಿ ಓಟಗಾರನೂ ಹುಟ್ಟುತ್ತಾನೆ, ಕೂತಲ್ಲೇ ಕೂರುವವನೂ ಹುಟ್ಟುತ್ತಾನೆ.

ಎಲ್ಲರಿಗಿಂತ ಕೆಟ್ಟ ಹೆಸರು ಹೊತ್ತವನು ಬ್ರಿಸಲ್ ವರ್ಮ್. ಜರಿಗೂ ಕಂಬಳಿಹುಳಕ್ಕೂ ಮದುವೆ ಮಾಡಿಸಿದರೆ ಹುಟ್ಟಬಹುದಾದ ಮಗು. ಬೆರಳುದ್ದ, ನಸುಗೆಂಪು, ಎರಡೂ ಪಕ್ಕ ಬಿಳಿ ಮುಳ್ಳುಕೂದಲು. ಬರಿಗೈಲಿ ಮುಟ್ಟಿದರೆ ಆ ಕೂದಲು ಚರ್ಮದಲ್ಲಿ ಮುರಿದು ಕೂರುತ್ತದೆ. ಗಮ್ ಟೇಪು ಅಂಟಿಸಿ ಕಿತ್ತರೆ ಬಹುಪಾಲು ಬರುತ್ತದೆ, ಉಳಿದದ್ದು ಎರಡು ದಿನ ನೆನಪಿಸುತ್ತದೆ. ಇದು ನನ್ನ ಸ್ವಂತ ಸಂಶೋಧನೆ. ಮೊದಮೊದಲು ನಾನೂ ಎಲ್ಲರಂತೆ ಇದನ್ನು ಕೊಲೆಗಾರ ಅಂದುಕೊಂಡೆ. ಒಂದು ಬೆಳಿಗ್ಗೆ ಸತ್ತ ಮೀನಿನ ಸುತ್ತ ಆರೇಳು ಹುಳ ಸೇರಿದ್ದವು. ಸಾಕ್ಷಿ ಬೇರೆ ಬೇಕೇ? ಆದರೆ ಆ ಮೀನು ವಾರದಿಂದ ಮಂಕಾಗಿತ್ತು, ಮೇವು ಮುಟ್ಟಿರಲಿಲ್ಲ. ಪಾಪ, ಇವು ಬಂದದ್ದು ಹೆಣ ಎತ್ತಲು. ಸತ್ತವರ ಮನೆಗೆ ಮೊದಲು ಓಡಿಬಂದವನ ಮೇಲೇ ಅನುಮಾನ ಪಟ್ಟಂತಾಯಿತು. ಈ ಗುಂಪಿನಲ್ಲಿ ಹವಳ ಮೇಯುವ ಕೆಲವು ಜಾತಿಗಳಿವೆ, ನಿಜ. ಆದರೆ ಟ್ಯಾಂಕಿನಲ್ಲಿ ಸಿಗುವ ಸಾಮಾನ್ಯ ಹುಳ ತಿನ್ನುವುದು ಉಳಿದ ಮೇವು, ಸತ್ತ ಮೈ. ಮೇವು ಜಾಸ್ತಿ ಹಾಕಿದರೆ ಹುಳವೂ ಜಾಸ್ತಿಯಾಗುತ್ತದೆ. ಅಂದರೆ ಆ ಹುಳಗಳ ಎಣಿಕೆ ನನ್ನ ಕೈಯ ಧಾರಾಳತನದ ಲೆಕ್ಕ. ಚಿಮುಟ ಒಳಗಿಟ್ಟೆ.

ಚೆಲುವನ್ನು ನಂಬಿ ಕೆಟ್ಟ ಕತೆ ಇನ್ನೊಂದು. ಮೂರನೇ ತಿಂಗಳಲ್ಲಿ ಕಲ್ಲಿನ ತುದಿಯಲ್ಲಿ ಕಂದು ಬಣ್ಣದ, ಗಾಜಿನಂತೆ ತೆಳುವಾದ, ಪುಟ್ಟ ತೆಂಗಿನ ಮರದಂತಹದು ಎದ್ದಿತು. ಹೂವೋ ಹೂವು ಅಂತ ಮನೆಯವರನ್ನೆಲ್ಲ ಕರೆದು ತೋರಿಸಿದೆ. ಅದು ಐಪ್ಟೇಸಿಯಾ. ಸೀ ಅನಿಮೋನ್ ಅಂದರೆ ಹೂವಿನಂತೆ ಕಾಣುವ ಕುಟುಕುವ ಪ್ರಾಣಿ, ಅವುಗಳಲ್ಲಿ ಇದೊಂದು ಪೀಡೆ. ಪಕ್ಕದ ಹವಳಕ್ಕೆ ಕುಟುಕಿ ಜಾಗ ಮಾಡಿಕೊಳ್ಳುತ್ತದೆ. ಗೊತ್ತಾದ ಮೇಲೆ ಬ್ಲೇಡಿನಿಂದ ಕೆರೆದು ತೆಗೆದೆ. ಅದೇ ತಪ್ಪು. ಇದು ರಕ್ತಬೀಜಾಸುರನ ವಂಶ. ಬುಡದ ಚೂರು ಉಳಿದರೂ ಸಾಕು, ಒಂದೊಂದು ಚೂರೂ ಒಂದೊಂದು ಮರ. ಎರಡು ತಿಂಗಳಲ್ಲಿ ತೋಪೇ ಎದ್ದಿತ್ತು. ಗಟ್ಟಿ ಸುಣ್ಣದ ತಿಳಿಯನ್ನು ಸಿರಿಂಜಿನಲ್ಲಿ ಚುಚ್ಚಿದೆ. ಹತ್ತು ಸತ್ತವು, ಹನ್ನೆರಡು ಹುಟ್ಟಿದವು. ಕೊನೆಗೆ ಪೆಪ್ಪರ್‌ಮಿಂಟ್ ಸೀಗಡಿ ಮೂರು ತಂದು ಬಿಟ್ಟೆ. ಅವು ಮೊದಲ ಹದಿನೈದು ದಿನ ಮೀನಿನ ಮೇವನ್ನೇ ಕದ್ದು ತಿಂದುಕೊಂಡು ಸುಮ್ನೆ ಇದ್ದವು. ಆಮೇಲೆ ಅದೇನು ಮನಸ್ಸಾಯಿತೋ, ತೋಪು ಬರಿದಾಯಿತು. ಬರ್ಗಿಯಾ ಎಂಬ ಚಿಪ್ಪಿಲ್ಲದ ಹುಳು ಒಂದಿದೆ, ಅದು ಐಪ್ಟೇಸಿಯಾ ಬಿಟ್ಟು ಬೇರೇನೂ ತಿನ್ನುವುದಿಲ್ಲ. ಕೊನೆಯ ಐಪ್ಟೇಸಿಯಾ ಮುಗಿದ ಮೇಲೆ ಹಸಿದು ಸಾಯುತ್ತದೆ. ಅಷ್ಟು ನಿಷ್ಠೆಯವರನ್ನು ಕೆಲಸಕ್ಕೆ ಕರೆಯಲು ನನಗೆ ಧೈರ್ಯ ಬರಲಿಲ್ಲ.

ಇಷ್ಟೆಲ್ಲ ತಾಪತ್ರಯ ಯಾಕೆ, ಕಲ್ಲನ್ನೇ ಕುದಿಸಿಬಿಡಿ ಅಂದವರೂ ಉಂಟು. ದಯವಿಟ್ಟು ಬೇಡ. ಕಲ್ಲಿನ ಮೇಲೆ ಝೋವಾಂತಿಡ್ ಎಂಬ ಹೂವಿನಂತಹ ಜೀವಿಗಳಿದ್ದರೆ ಅವುಗಳ ಪಾಲಿಟಾಕ್ಸಿನ್ ವಿಷ ಹಬೆಯ ಜೊತೆ ಮನೆಯಿಡೀ ಹರಡಬಹುದು. ಹೀಗೆ ಇಡೀ ಕುಟುಂಬವೇ ಆಸ್ಪತ್ರೆ ಸೇರಿದ್ದಿದೆ.

ಇನ್ನು ಸದ್ದಿನ ಕತೆ. ಮೀನು ಬಿಟ್ಟು ಆರು ತಿಂಗಳಾದ ಮೇಲೆ, ಒಂದು ರಾತ್ರಿ ಟ್ಯಾಂಕಿನಿಂದ "ಟಿಕ್" ಅಂತ ಕೇಳಿಸಿತು. ಗಾಜು ಬಿರುಕು ಬಿಟ್ಟಿತೆಂದು ಎದೆ ಧಸಕ್ಕೆಂದಿತು. ಮೂಲೆಮೂಲೆ ತಡವಿದೆ. ಎಲ್ಲ ಒಣ. ಐದು ನಿಮಿಷಕ್ಕೆ ಮತ್ತೆ ಟಿಕ್. ಬಲ್ಲವರನ್ನು ಕೇಳಿದರೆ, ಇದು ಇಬ್ಬರಲ್ಲಿ ಒಬ್ಬನ ಕೆಲಸ ಅಂದರು. ಒಬ್ಬ ಪಿಸ್ತೂಲು ಸೀಗಡಿ. ಇವನ ಒಂದು ಚಿಮುಟ ದಪ್ಪ. ಅದನ್ನು ಪಟ್ಟನೆ ಮುಚ್ಚಿದರೆ ನೀರು ಚಿಮ್ಮಿ ಗುಳ್ಳೆಯಾಗುತ್ತದೆ. ಸದ್ದು ಬರುವುದು ಚಿಮುಟದಿಂದಲ್ಲ, ಆ ಗುಳ್ಳೆ ಕುಸಿಯುವುದರಿಂದ. ಕುಸಿಯುವ ಗಳಿಗೆಯಲ್ಲಿ ಗುಳ್ಳೆಯ ಒಳಗೆ ಸುಮಾರು 4,700 ಡಿಗ್ರಿ ಸೆಲ್ಸಿಯಸ್ ಬಿಸಿ. ಎರಡನೇ ಮಹಾಯುದ್ಧದಲ್ಲಿ ಸಬ್‌ಮೆರೀನ್ ಸದ್ದು ಕೇಳಲು ಕೂತವರ ಕಿವಿಗೆ ಈ ಸೀಗಡಿಗಳ ಚಟಪಟವೇ ಅಡ್ಡ ಬರುತ್ತಿತ್ತು. ಇನ್ನೊಬ್ಬ ಮ್ಯಾಂಟಿಸ್ ಶ್ರಿಂಪ್. ಹೆಸರಿಗೆ ಶ್ರಿಂಪ್, ಕೆಲಸದಲ್ಲಿ ಪೈಲ್ವಾನ. ನವಿಲುಬಣ್ಣದ ಜಾತಿಯ ಗುದ್ದು ಸೆಕೆಂಡಿಗೆ 23 ಮೀಟರ್ ವೇಗ ಮುಟ್ಟುತ್ತದೆ. 1998ರಲ್ಲಿ ಇಂಗ್ಲೆಂಡಿನ ಗ್ರೇಟ್ ಯಾರ್ಮತ್‌ನ ಸೀ ಲೈಫ್ ಸೆಂಟರಿನಲ್ಲಿ ಟೈಸನ್ ಅಂತ ಹೆಸರಿಟ್ಟಿದ್ದ ಒಬ್ಬ ಕಾಲಿಂಚು ದಪ್ಪದ ಗಾಜನ್ನೇ ಒಡೆದಿದ್ದ.

ಪಿಸ್ತೂಲಾದರೆ ಪರವಾಗಿಲ್ಲ, ಟೈಸನ್ನಾದರೆ ಒಂದೊಂದೇ ಮೀನು ಕಾಣೆಯಾಗಬೇಕು. ದಿನಾ ಬೆಳಿಗ್ಗೆ ಹಾಜರಿ ತೆಗೆದುಕೊಂಡೆ. ಮೀನೆಲ್ಲ ಹಾಜರ್. ಆದರೂ ಆಸಾಮಿಯನ್ನು ನೋಡಬೇಕಲ್ಲ? ಬಾಟಲಿಯಿಂದ ಬೋನು ಮಾಡಿಟ್ಟೆ. ಬೆಳಿಗ್ಗೆ ಅದರಲ್ಲಿ ಬ್ರಿಸಲ್ ವರ್ಮು ಕೂತಿತ್ತು, ಬಾಡಿಗೆ ಮನೆ ನೋಡಲು ಬಂದವನಂತೆ. ಎರಡು ವರ್ಷವಾಯಿತು, ನಾನು ಅವನನ್ನು ನೋಡಿಲ್ಲ. ಮೊದಲೆಲ್ಲ ಟಿಕ್ ಅಂದರೆ ಬೆಚ್ಚುತ್ತಿದ್ದ ಹೆಂಡತಿ ಈಗ, "ರೀ, ನಿಮ್ಮವನು ಎದ್ದ" ಅನ್ನುತ್ತಾಳೆ.

ನನ್ನ ಪುಣ್ಯ, ನನಗೆ ಸಿಕ್ಕಿದವರೆಲ್ಲ ಸಣ್ಣವರು. 2009ರಲ್ಲಿ ಇಂಗ್ಲೆಂಡಿನ ನ್ಯೂಕ್ವೇ ಊರಿನ ಬ್ಲೂ ರೀಫ್ ಅಕ್ವೇರಿಯಂನಲ್ಲಿ ಹವಳಗಳು ತುಂಡಾಗುತ್ತಿದ್ದವು, ಮೀನಿಗೆ ಗಾಯವಾಗುತ್ತಿತ್ತು. ಕೊನೆಗೆ ಕಲ್ಲುಗಳನ್ನು ಒಂದೊಂದಾಗಿ ಬಿಚ್ಚಿದರೆ ಸಿಕ್ಕಿದ್ದು ನಾಲ್ಕು ಅಡಿಯ ಹುಳ. ಎಳೆಯದಾಗಿದ್ದಾಗ ಕಲ್ಲಿನ ಜೊತೆ ಬಂದು, ಯಾರ ಕಣ್ಣಿಗೂ ಬೀಳದೆ ಬೆಳೆದಿರಬೇಕು. ಅಲ್ಲಿಯವರು ಅದಕ್ಕೆ ಬ್ಯಾರಿ ಅಂತ ಹೆಸರಿಟ್ಟರು. ನಾಲ್ಕು ಅಡಿಯವನನ್ನು ಹೆಸರಿಡದೆ ಕರೆಯುವುದು ಹೇಗೆ, ಹೇಳಿ.

ಈಗ ಟ್ಯಾಂಕ್ ಶುರು ಮಾಡುವವರು ಹೆಚ್ಚಾಗಿ ಒಣ ಕಲ್ಲು ತರುತ್ತಾರೆ. ಅದು ಸರಿಯಾದದ್ದೇ. ಸಮುದ್ರದ ದಿಬ್ಬವನ್ನು ಕಿತ್ತು ಹಾಲಿನಲ್ಲಿಟ್ಟುಕೊಳ್ಳುವುದು ಹೆಮ್ಮೆಯ ಕೆಲಸವೇನಲ್ಲ. ಫ್ಲಾರಿಡಾದಲ್ಲಿ ಕಡಲ ಕಲ್ಲು ಕೀಳುವುದು 1990ರ ದಶಕದಲ್ಲೇ ನಿಂತಿತು. ಈಗ ಅಲ್ಲಿ ಗಣಿಯ ಸುಣ್ಣಕಲ್ಲನ್ನು ಗುತ್ತಿಗೆ ಪಡೆದ ಜಾಗದಲ್ಲಿ ಮುಳುಗಿಸಿಟ್ಟು, ವರ್ಷಗಟ್ಟಲೆ ಕಾದು, ಊರು ಕೂಡಿದ ಮೇಲೆ ಎತ್ತುತ್ತಾರೆ. ಬಹಳ ಕಲ್ಲು ಕಳಿಸುತ್ತಿದ್ದ ಫಿಜಿ 2017ರ ಕೊನೆಗೆ ರಫ್ತನ್ನೇ ನಿಲ್ಲಿಸಿತು. ಒಣ ಕಲ್ಲಿನಲ್ಲಿ ಪೀಡೆಯಿಲ್ಲ, ವಾಸನೆಯಿಲ್ಲ, ಟಿಕ್ ಇಲ್ಲ. ನನ್ನ ಸ್ನೇಹಿತನೊಬ್ಬನ ಟ್ಯಾಂಕ್ ಹಾಗೇ ಇತ್ತು. ಕಲ್ಲು ಬೆಳ್ಳಗೆ ತೊಳೆದಿಟ್ಟ ಹಾಗೆ. ಹಾಕಿದ ಮೀನು ಅಷ್ಟೂ ಇತ್ತು, ಹಾಕದ್ದು ಒಂದೂ ಇರಲಿಲ್ಲ. ಐದು ನಿಮಿಷ ನೋಡಿದರೆ ನೋಡಿ ಮುಗಿಯುತ್ತಿತ್ತು. ಬಾಯಿಬಿಟ್ಟು ಹೇಳಲಿಲ್ಲ.

ಅವನಿಗೂ ಹಾಗೇ ಅನ್ನಿಸಿತೋ ಏನೋ, ಮೊನ್ನೆ ಬಂದು, "ನಿನ್ನದೊಂದು ಸಣ್ಣ ಕಲ್ಲು ಕೊಡೋ, ನನ್ನ ಟ್ಯಾಂಕಿಗೆ ಹೆಪ್ಪು ಹಾಕೋಕೆ" ಅಂದ. ಹಿಂದಿನ ಮೂಲೆಯಿಂದ ಮುಷ್ಟಿಗಾತ್ರದ್ದೊಂದು ಎತ್ತಿಕೊಟ್ಟೆ. ನಾಲ್ಕು ದಿನ ಬಿಟ್ಟು ರಾತ್ರಿ ಹನ್ನೊಂದೂವರೆಗೆ ಫೋನು.

"ಏನೋ ಟಿಕ್ ಟಿಕ್ ಅಂತಿದೆ ಕಣೋ. ಗಾಜು ಹೋಯ್ತಾ?"

ನನಗೆ ಮಾತು ಹೊರಡಲಿಲ್ಲ. ಎರಡು ವರ್ಷ ಕಾದು ಕೂತವನು ನಾನು, ಅವನು ಎದ್ದು ಹೋದದ್ದು ಬೇರೆಯವರ ಮನೆಗೆ. ಹೌದಲ್ಲ, ಈ ನಾಲ್ಕು ದಿನ ನಮ್ಮಲ್ಲಿ ಸದ್ದೇ ಇರಲಿಲ್ಲ. "ಗಾಜಿಗೇನೂ ಆಗಿಲ್ಲ, ಮಲಕ್ಕೋ" ಅಂದೆ.

"ಕಲ್ಲು ವಾಪಸ್ ತಂದುಕೊಡ್ಲಾ?"

ಕೊಡು ಅನ್ನಬೇಕೋ, ಇರಲಿ ಬಿಡು ಅನ್ನಬೇಕೋ ಎಂದು ಯೋಚಿಸುತ್ತ ಕತ್ತಲಲ್ಲಿ ಟ್ಯಾಂಕಿನ ಮುಂದೆ ನಿಂತಿದ್ದೆ. ಅಷ್ಟರಲ್ಲಿ ಎಡಗಡೆಯ ದೊಡ್ಡ ಕಲ್ಲಿನ ಬುಡದಿಂದ ಸಣ್ಣಗೆ ಟಿಕ್ ಅಂತು.

ಇಷ್ಟು ದಿನ ಒಬ್ಬನೇ ಅಂದುಕೊಂಡಿದ್ದೆ.