ಅಗ್ಗದ ಟಿಕೆಟ್ಟಿನ ಯುರೋಪು

ಯುರೋಪಿಗೆ ಓದಲು ಹೋದವನಿಂದ ಊರಿನವರು ಬಯಸುವುದು ಎರಡೇ. ಒಂದು, ಅವನು ಪಾಸಾಗಬೇಕು. ಎರಡು, ವಾಟ್ಸಾಪ್ ಸ್ಟೇಟಸ್ಸಿಗೆ ಅರಮನೆ, ಕೋಟೆ, ಹಿಮ ಬೀಳುತ್ತಲೇ ಇರಬೇಕು. ಪಾಸಾಗುವುದನ್ನು ಹೇಗೋ ಮುಂದಿನ ಸೆಮಿಸ್ಟರಿಗೆ ತಳ್ಳಬಹುದು. ಸ್ಟೇಟಸ್ಸಿಗೆ ಆ ವಿನಾಯಿತಿಯಿಲ್ಲ. ಕೆಲವು ದಿನ ಖಾಲಿ ಬಿಟ್ಟರೆ ಸಾಗರದಿಂದ ಅತ್ತೆಯ ಫೋನು ಬರುತ್ತದೆ: "ಎಂತದಾ ತಮಾ, ಹುಷಾರಿಲ್ಯನಾ?"

ಅತ್ತೆಗೆ ತಿಳಿಯದ ಸಂಗತಿಯೆಂದರೆ, ಇಲ್ಲಿ ವಿದ್ಯಾರ್ಥಿ ಏನನ್ನು ನೋಡಬೇಕೆಂದು ತೀರ್ಮಾನಿಸುವುದು ಅವನ ಅಭಿರುಚಿಯಲ್ಲ, ಟಿಕೆಟ್ಟಿನ ದರ. ಮ್ಯೂನಿಕ್‌ನಲ್ಲಿ ನಾನು ಕಲಾರಸಿಕನಾಗುವುದು ಭಾನುವಾರ ಮಾತ್ರ. ಅಂದು ಪಿನಾಕೊಟೆಕ್ ಚಿತ್ರಶಾಲೆಗಳ ಪ್ರವೇಶಕ್ಕೆ 1 ಯೂರೋ. ಇನ್ನೊಂದು ಕಾರಣವೂ ಇದೆ. ಜರ್ಮನಿಯಲ್ಲಿ ಭಾನುವಾರ ಅಂಗಡಿ ತೆರೆಯುವುದಿಲ್ಲ. ಶನಿವಾರ ರಾತ್ರಿ ಎಂಟರ ಮೇಲೆ ಮನೆಯಲ್ಲಿ ಈರುಳ್ಳಿ ಮುಗಿದಿದೆ ಎಂದು ಗೊತ್ತಾದರೆ ಸೋಮವಾರದವರೆಗೆ ಗತಿಯಿಲ್ಲ. ಈರುಳ್ಳಿಯಿಲ್ಲದ ಅಡುಗೆಮನೆಯನ್ನು ನೋಡುತ್ತ ಕೂರುವುದಕ್ಕಿಂತ ಹಳೆಯ ಜರ್ಮನ್ ಚಿತ್ರಕಾರ ಡ್ಯೂರರ್‌ನನ್ನು ನೋಡುವುದು ಮೇಲು.

ಹಾಗೆ ಒಂದು ಭಾನುವಾರ ಹುಬ್ಬಳ್ಳಿಯ ಗೆಳೆಯನ ಜೊತೆ ಆಲ್ಟೆ ಪಿನಾಕೊಟೆಕ್ ಹೊಕ್ಕೆ. ಅವನು ಎಲೆಕ್ಟ್ರಿಕಲ್ ಇಂಜಿನಿಯರಿಂಗ್‌ನಲ್ಲಿ ಎಂಎಸ್ ಮಾಡುತ್ತಿದ್ದಾನೆ. ಯಾವ ವಸ್ತುವನ್ನಾದರೂ ಮೂಗು ತಾಗಿಸಿ ನೋಡದೆ ನಂಬುವವನಲ್ಲ. ಡ್ಯೂರರ್ 1500ರಲ್ಲಿ ಬರೆದುಕೊಂಡ ಸ್ವಂತ ಚಿತ್ರ ಅಲ್ಲಿದೆ. ನೀಳ ಕೂದಲು, ತುಪ್ಪಳದ ಕೋಟು, ನೇರ ನಮ್ಮನ್ನೇ ದಿಟ್ಟಿಸುವ ಕಣ್ಣು. ಆ ತುಪ್ಪಳದ ಒಂದೊಂದು ಎಳೆಯೂ ಕುಂಚದ್ದೇ ಹೌದೋ ಅಲ್ಲವೋ ಎಂದು ಗೆಳೆಯ ಬಗ್ಗಿದ. ಕೀಂ ಎಂದು ಅಲಾರಂ ಹೊಡೆಯಿತು. ಕಾವಲಿನ ಮಹಿಳೆ ಓಡಿಬಂದರು. ಇವನು ಎರಡೂ ಕೈ ಮೇಲೆತ್ತಿ, ಗಾಬರಿಯಲ್ಲಿ ಶುದ್ಧ ಹುಬ್ಬಳ್ಳಿ ಕನ್ನಡದಲ್ಲಿ "ಮುಟ್ಟಿಲ್ರೀ ಅಕ್ಕಾರ, ಬರೇ ನೋಡಾಕತ್ತಿದ್ದೆ" ಎಂದ. ಅವರಿಗೆ ಅರ್ಥವಾಗಿರಬೇಕು, ಇಲ್ಲದಿದ್ದರೆ ನಗುತ್ತಿರಲಿಲ್ಲ.

ಮುಂದೆ ಹೋದರೆ ತಾನೇ ಅಲಾರಂ, ಇನ್ನು ಹಿಂದೆಯೇ ಇರುತ್ತೇನೆ ಎಂದು ಅವನು ಶಪಥ ಮಾಡಿ ಚಿತ್ರಕಾರ ರೂಬೆನ್ಸ್‌ನ ಸಭಾಂಗಣಕ್ಕೆ ಬಂದ. ಅಲ್ಲಿನ 'ಅಂತಿಮ ತೀರ್ಪು' ಆರು ಮೀಟರ್ ಎತ್ತರದ ಚಿತ್ರ. ಅದಕ್ಕೆ ಜಾಗವಾಗಲೆಂದೇ ಆ ಕೋಣೆಯ ಅಳತೆ ನಿಗದಿಯಾಯಿತಂತೆ. ಸ್ವರ್ಗಕ್ಕೆ ಏರುವವರು, ನರಕಕ್ಕೆ ಉರುಳುವವರು, ಯಾರ ಮೈಮೇಲೂ ಹೇಳಿಕೊಳ್ಳುವಂಥ ಬಟ್ಟೆಯಿಲ್ಲ. ಇಷ್ಟನ್ನೂ ಒಂದೇ ಫೋಟೋದಲ್ಲಿ ಹಿಡಿಯಲು ಗೆಳೆಯ ಮೊಬೈಲ್ ಹಿಡಿದು ಹಿಂದೆ ಹಿಂದೆ ಸರಿದು, ಬೆಂಚಿನ ಮೇಲೆ ಧ್ಯಾನಸ್ಥರಾಗಿದ್ದ ಅಜ್ಜರೊಬ್ಬರ ತೊಡೆಯ ಮೇಲೆ ಕುಳಿತುಬಿಟ್ಟ. ಆಮೇಲೆ ನಾವು ಹೋದ ಕೋಣೆಗೆಲ್ಲ ಆ ಮಹಿಳೆಯೂ ಬಂದರು. 1 ಯೂರೋಗೆ ಚಿತ್ರಶಾಲೆಯ ಜೊತೆ ಅಂಗರಕ್ಷಕಿ!

ಒಪೆರಾದ, ಅಂದರೆ ಹಾಡಿನಲ್ಲೇ ನಡೆಯುವ ನಾಟಕದ, ಕಥೆ ಇದಕ್ಕಿಂತ ಉದ್ದ. ನಿಜಕ್ಕೂ ಉದ್ದ: ಜರ್ಮನ್ ಸಂಗೀತಗಾರ ವಾಗ್ನರ್‌ನ 'ಟ್ರಿಸ್ಟಾನ್ ಉಂಡ್ ಇಸೋಲ್ಡೆ', ವಿರಾಮ ಸೇರಿ ಐದು ಗಂಟೆ. 1865ರ ಜೂನಿನಲ್ಲಿ ಅದು ಮೊದಲು ರಂಗಕ್ಕೆ ಬಂದದ್ದು ಮ್ಯೂನಿಕ್‌ನ ನಾಟ್ಸಿಯೊನಾಲ್ ಥಿಯೇಟರಿನಲ್ಲೇ. ಎರಡನೆಯ ಮಹಾಯುದ್ಧದಲ್ಲಿ ಬಾಂಬಿಗೆ ಹಾಳಾಗಿ 1963ರಲ್ಲಿ ಮತ್ತೆ ತೆರೆದ ಭವ್ಯ ಮಂದಿರ ಅದು. ಇಂಥಲ್ಲಿಗೆ ಅತಿ ಅಗ್ಗದ ಟಿಕೆಟ್ ಹುಡುಕಿದ ಗೆಳೆಯ ಬೀಗುತ್ತಿದ್ದ. "ಮುಂದ ಟೇಬಲ್ ಐತಿ, ಮ್ಯಾಲ ಸ್ವಂತ ಲೈಟ್ ಐತಿ. ವಿಐಪಿ ಸೀಟ್ ನೋಡಪಾ."

ಟೇಬಲ್ ಇತ್ತು. ದೀಪವೂ ಇತ್ತು. ರಂಗ ಮಾತ್ರ ಕಾಣಿಸುತ್ತಿರಲಿಲ್ಲ. ಸಂಗೀತದ ಪಠ್ಯವನ್ನು ಎದುರಿಗಿಟ್ಟುಕೊಂಡು ಸ್ವರ ಸ್ವರವನ್ನೂ ಹಿಂಬಾಲಿಸುವ ಪಂಡಿತರಿಗೆಂದೇ ಇಂಥ ಆಸನಗಳು. ಅವರಿಗೆ ವೇಷ ನೋಡುವ ಗರಜಿಲ್ಲ. ನನಗೆ ಸಂಕಟವೇನೂ ಆಗಲಿಲ್ಲ. ವೇಷವಿಲ್ಲ, ಕುಣಿತವಿಲ್ಲ, ಕೂತು ಕೇಳಬೇಕು ಅಷ್ಟೇ. ತಾಳಮದ್ದಲೆ ಕೇಳಿ ಬೆಳೆದ ಕಿವಿಗೆ ಇದೇನು ಹೊಸತು? ಗೆಳೆಯನದು ಬೇರೆ ಲೆಕ್ಕ. "ಲೇ, ಬರೇ ಕೇಳೂದಾದ್ರ ಮನ್ಯಾಗ ರೇಡಿಯೋ ಹಚ್ಕೊಂಡ್ ಕುಂದರತಿದ್ವಿ. ಇದಕ್ಕ್ಯಾಕ ಇಸ್ತ್ರಿ ಮಾಡಿದ ಅಂಗಿ?"

ಪಕ್ಕದಲ್ಲಿ ಬೆಳ್ಳಿಕೂದಲಿನ ಅಜ್ಜಿ ಇಟ್ಟಿಗೆ ಗಾತ್ರದ ಪಠ್ಯವನ್ನು ಬಿಡಿಸಿ, ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವುತ್ತಿದ್ದರು. ನಡುನಡುವೆ ತುಟಿ ಕಚ್ಚಿ ತಲೆ ಅಲ್ಲಾಡಿಸುವರು. ಕೆಳಗೆ ಯಾರೋ ತಪ್ಪಿದರು ಎಂದು ನಾನು ಅದರಿಂದಲೇ ತಿಳಿದುಕೊಂಡೆ. ಟ್ರಿಸ್ಟಾನ್ ಎರಡನೆಯ ಅಂಕದ ಕೊನೆಗೆ ಗಾಯಗೊಳ್ಳುತ್ತಾನೆ. ಮೂರನೆಯ ಅಂಕದ ಬಹುಪಾಲು ಹಾಡುತ್ತ ಹಾಡುತ್ತ ಸಾಯುತ್ತಾನೆ. ಅವನು ಸಾಯುವ ಮೊದಲೇ ಗೆಳೆಯ ಟೇಬಲ್ಲಿನ ಮೇಲೆ ತಲೆಯಿಟ್ಟಿದ್ದ. ಅಜ್ಜಿ ಒಂದು ಕ್ಷಣ ಪಠ್ಯ ಬಿಟ್ಟು, ಕೈ ಚಾಚಿ, ಅವನ ತಲೆಯ ಮೇಲಿನ ದೀಪ ಆರಿಸಿ ಮತ್ತೆ ವಾಗ್ನರ್‌ಗೆ ಮರಳಿದರು. ಅಷ್ಟು ಹೊತ್ತಿಗೂ ಒಬ್ಬರೂ ಕೆಮ್ಮಲಿಲ್ಲ. ಗೊರಕೆಯೊಂದೇ ಇತ್ತು, ಅದೂ ಶ್ರುತಿಗೆ ಹತ್ತಿರ.

ವಾಗ್ನರ್‌ನ ಸಾಲ ತೀರಿಸಿ ಇಂಥ ಒಪೆರಾ ಆಡಿಸಿದವನು ಬವೇರಿಯದ ರಾಜ ಎರಡನೆಯ ಲುಡ್ವಿಗ್. 1864ರಲ್ಲಿ, 18ನೆಯ ವಯಸ್ಸಿನಲ್ಲಿ ಪಟ್ಟಕ್ಕೆ ಬಂದು, ಅರಮನೆ ಕಟ್ಟಿಸಿ ಕಟ್ಟಿಸಿ ಸಾಲದಲ್ಲಿ ಮುಳುಗಿ, 1886ರಲ್ಲಿ ಸರೋವರದಲ್ಲೇ ಹೆಣವಾಗಿ ಸಿಕ್ಕವನು. ಅವನ ಲಿಂಡರ್‌ಹೋಫ್ ಅರಮನೆಯ ತೋಟದಲ್ಲಿ ಕೃತಕ ಗುಹೆಯೊಂದಿದೆ. ಒಳಗೆ ಕೊಳ, ಕೊಳದಲ್ಲಿ ದೋಣಿ, ಸುತ್ತ ಬಣ್ಣ ಬದಲಿಸುವ ವಿದ್ಯುತ್ ಬೆಳಕು. ಆ ಕಾಲಕ್ಕೇ 24 ಡೈನಮೋ ಕೂರಿಸಿದ್ದನಂತೆ. ಡೈನಮೋ ಎಂಬ ಮಾತು ಕಿವಿಗೆ ಬಿದ್ದದ್ದೇ ಗೆಳೆಯ ಮೊದಲ ಸಲ ಸಂಸ್ಕೃತಿಯಲ್ಲಿ ಆಸಕ್ತಿ ತೋರಿಸಿದ. ಮುಂದಿನ ಭಾನುವಾರವೇ ಹೊರಟೆವು.

ನಮ್ಮದು ಡಾಯ್ಚ್‌ಲಾಂಡ್ ಟಿಕೆಟ್. 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾದ ಮಾಸಿಕ ಪಾಸು. ದರ ಆಮೇಲೆ ಏರಿದೆ. ದೇಶದ ಯಾವ ಮೂಲೆಗೂ ಹೋಗಬಹುದು, ವೇಗದ ರೈಲು ಹತ್ತುವಂತಿಲ್ಲ, ಅಷ್ಟೇ. ಅರಮನೆಗೆ ಹೋಗಲು ಹತ್ತಬೇಕಾದ ಗಾರ್ಮಿಶ್ ಕಡೆಯ ಲೋಕಲ್ ಗಾಡಿಯಲ್ಲಿ ಬೂಟು, ಕೋಲು, ನಾಯಿ ಸಮೇತ ಬೆಟ್ಟ ಹತ್ತುವ ಜನ ಕಿಕ್ಕಿರಿದಿದ್ದರು. ಗೆಳೆಯ ಪ್ಲಾಟ್‌ಫಾರಮ್ಮಿನುದ್ದಕ್ಕೂ ಓಡಿ, "ಬಾ ಬಾ, ಈ ಡಬ್ಬಿ ಖಾಲಿ ಐತಿ" ಎಂದು ಕೂಗಿದ. ಚಿತ್ರಾನ್ನದ ಡಬ್ಬಿ ಬಿಚ್ಚಿ, ಕಿಟಕಿಯಾಚೆ ರಾಜ ಮುಳುಗಿದ ಸ್ಟಾರ್ನ್‌ಬರ್ಗ್ ಸರೋವರವನ್ನು ನೋಡುತ್ತ ಸುಖವಾಗಿ ಕುಳಿತೆವು. ಟುಟ್ಸಿಂಗ್‌ನಲ್ಲಿ ಮೈಕು ಬವೇರಿಯದ ಜರ್ಮನ್‌ನಲ್ಲಿ ಏನೋ ಗೊಣಗಿತು. ತರಗತಿಯಲ್ಲಿ ನಮಗೆ ಕಲಿಸುವ ಜರ್ಮನ್ ಬೇರೆ.

ಮೈಕು ಗೊಣಗಿದ್ದು ಗಾಡಿ ಅಲ್ಲಿ ಎರಡಾಗುತ್ತದೆ ಎಂದು. ನಾಯಿ, ಕೋಲು, ಬೂಟುಗಳೆಲ್ಲ ಗಾರ್ಮಿಶ್ ಕಡೆ ಹೋದವು. ಖಾಲಿ ಡಬ್ಬಿ ಕೊಖೆಲ್ ಎಂಬ ಊರಿನಲ್ಲಿ ನಮ್ಮನ್ನು ಇಳಿಸಿತು. ಹಳಿ ಅಲ್ಲಿಗೇ ಮುಗಿಯುತ್ತದೆ.

ಅರಮನೆಯಿಲ್ಲ. ಚಿತ್ರಕಾರ ಫ್ರಾನ್ಸ್ ಮಾರ್ಕ್‌ನ ವಸ್ತುಸಂಗ್ರಹಾಲಯ ಇತ್ತು. ಹೋಗೋಣ ಎಂದೆ, ಅಲಾರಂ ನೆನಪಾಗಿ ಗೆಳೆಯ ಒಪ್ಪಲಿಲ್ಲ. ಅಷ್ಟರಲ್ಲಿ ಅವನ ಮೊಬೈಲ್ ನಕ್ಷೆಯಲ್ಲಿ ಇನ್ನೊಂದು ಸಿಕ್ಕಿತು: ಕೊಖೆಲ್ ಸರೋವರದ ದಡದಲ್ಲಿ ವಾಲ್ಖೆನ್‌ಜೀ ಜಲವಿದ್ಯುತ್ ಕೇಂದ್ರ. ಪ್ರವೇಶ ಪುಕ್ಕಟೆ. ಅಲ್ಲಿಗೆ ಚರ್ಚೆ ಮುಗಿಯಿತು.

ಮೇಲಿನ ಸರೋವರದಿಂದ 200 ಮೀಟರ್ ಕೆಳಗೆ, ಗುಡ್ಡದ ಮೈಮೇಲೆ ಆರು ದಪ್ಪ ಕೊಳವೆಗಳಲ್ಲಿ ನೀರು ಇಳಿಯುತ್ತದೆ. ಆಸ್ಕರ್ ಫಾನ್ ಮಿಲ್ಲರ್ ಎಂಬ ಇಂಜಿನಿಯರನ ಕನಸು. 1924ರಿಂದ ಕೆಲಸ ಮಾಡುತ್ತಿದೆ. ಒಳಗೆ ಎಂಟು ಟರ್ಬೈನು, ಅವುಗಳಲ್ಲಿ ನಾಲ್ಕು ರೈಲ್ವೆಗೆಂದೇ. ನಮ್ಮನ್ನು ಇಲ್ಲಿ ತಂದು ಎಸೆದ ವ್ಯವಸ್ಥೆಗೆ ಕರೆಂಟು ಉಣಿಸುವುದೂ ಇದೇ! ಗೆಳೆಯ ಗಾಜಿನಾಚೆಯ ಯಂತ್ರಗಳನ್ನು ಮೂಗು ಒತ್ತಿ ನೋಡಿದ. ಯಾವ ಅಲಾರಮ್ಮೂ ಹೊಡೆಯಲಿಲ್ಲ. "ಇದ ನೋಡಲೇ ಕಲ್ಚರ್" ಎಂದ, ಕಣ್ಣು ಒದ್ದೆಯಾಗುವುದೊಂದು ಬಾಕಿ.

ನಾನು ಮನೆಗೆ ವೀಡಿಯೋ ಕಾಲ್ ಮಾಡಿದೆ. ಅರಮನೆ ತೋರಿಸುತ್ತೇನೆ ಎಂದು ಹಿಂದಿನ ದಿನವೇ ಹೇಳಿಟ್ಟಿದ್ದರಿಂದ ಆಯಿ, ಅಪ್ಪಯ್ಯ, ಜೊತೆಗೆ ಅತ್ತೆಯೂ ಹಾಜರು. ಕ್ಯಾಮೆರಾ ತಿರುಗಿಸಿದೆ. ಅಪ್ಪಯ್ಯ ಕೊಳವೆಗಳನ್ನು ದಿಟ್ಟಿಸಿ, "ಇದು ಜೋಗದ ಕೆಳಗಿನ ಪವರ್‌ಹೌಸ್ ಅಲ್ದನಾ? ಊರಿಗೆ ಯಾವಾಗ ಬಂದ್ಯಾ? ಒಂದು ಫೋನ್ ಮಾಡ್ಲಾಗಿತ್ತನಾ?" ಎಂದರು. ಅತ್ತೆ ಹಿಂದಿನಿಂದ, "ಆನು ಆವಾಗ್ಲೇ ಹೇಳಿದ್ನಲಾ, ಹುಷಾರಿಲ್ಲೆ ಅವಂಗೆ" ಎಂದರು.

ಹಿಮ ಹೊತ್ತ ಬೆಟ್ಟ ತೋರಿಸಿ, ಹಾದುಹೋದ ಜರ್ಮನ್ ಬಸ್ಸು ತೋರಿಸಿ ನಂಬಿಸಬೇಕಾಯಿತು. ನಂಬಿದ ಮೇಲೆ ಅಪ್ಪಯ್ಯನದು ಒಂದೇ ಪ್ರಶ್ನೆ: ಎಷ್ಟು ಮೆಗಾವ್ಯಾಟ್? ಗೆಳೆಯ ಇಣುಕಿ "124 ರೀ ಕಾಕಾ" ಎಂದ. ಅಪ್ಪಯ್ಯನ ಮುಖ ಅರಳಿತು. "ಅಷ್ಟೇಯಾ? ನಮ್ಮ ಮಹಾತ್ಮ ಗಾಂಧಿ ಪವರ್‌ಹೌಸೇ 139. ಅದರ ಪಕ್ಕದ ಶರಾವತಿದು ಸಾವಿರಕ್ಕೂ ಮೇಲೆ ಇದ್ದು. ಇಡೀ ರಾಜ್ಯಕ್ಕೆ ಕರೆಂಟು ಕೊಡವು ಯಂಗ..."

ಅಷ್ಟಕ್ಕೆ ಪರದೆ ಕಪ್ಪಾಯಿತು. ಊರಿನಲ್ಲಿ ಕರೆಂಟು ಹೋಗಿತ್ತು.